ದುಂಡಗಿರದ ಗುಂಡಿ

ಗುಂಡಿ ದುಂಡಗಿರಲೇಬೇಕಲ್ಲ ಎಂಬುದು ಅವನಿಗೆ ಹೊಳೆದದ್ದು ಬೆಳಿಗ್ಗೆ ಹಲ್ಲುಜ್ಜುವಾಗ. ಬಾಯಿ ತುಂಬ ನೊರೆ ಇಟ್ಟುಕೊಂಡೇ ಕನ್ನಡಿಯ ಮುಂದೆ ಸುಮ್ಮನೆ ನಿಂತುಬಿಟ್ಟ. ಮೂರು ವಾರದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಒಂದಿಷ್ಟು ಪಕ್ಕಕ್ಕೆ ಸರಿದ ಹಾಗಾಯಿತು. ಆ ಫೋಟೋದಲ್ಲಿ, ತೀರಿಹೋದ ಆ ಮನುಷ್ಯನ ಅಂಗಿಯ ಮೇಲೆ, ಕೊರಳಿನ ಕೆಳಗೆ ಒಂದು ಗುಂಡಿ ಕಾಣುತ್ತಿತ್ತು. ಒಂದೇ ಒಂದು, ಮಿಕ್ಕವೆಲ್ಲ ಫೋಟೋದ ಅಂಚಿನಿಂದ ಕೆಳಗೆ ಉಳಿದುಬಿಟ್ಟಿದ್ದವು. ಮುಖದ ಜೊತೆಗೆ ಆ ಗುಂಡಿಯೂ ಅಡ್ಡಕ್ಕೆ ಹಿಗ್ಗಿ ಮೊಟ್ಟೆಯಂತಾಗಿತ್ತು. ಅದು ಮತ್ತೆ ದುಂಡಗಾಗುವ ತನಕ ಇಡೀ ಚಿತ್ರವನ್ನು ಎರಡೂ ಬದಿಯಿಂದ ಒತ್ತುತ್ತ ಹೋದರೆ ಆಯಿತು, ಗುಂಡಿ ದುಂಡಗಾದ ಕ್ಷಣ ಮುಖವೂ ತನ್ನ ನಿಜವಾದ ಅಗಲಕ್ಕೆ ಬಂದು ನಿಂತಿರಬೇಕು. ಹನ್ನೊಂದು ಗಂಟೆಗೆ ಫೋಟೋ ಕಳಿಸಿದ್ದ ಆ ಹೆಂಗಸು ಕಚೇರಿಗೆ ಬರುವುದರೊಳಗೆ ಚಿತ್ರ ಸರಿಯಾಗಿದ್ದರೆ ಬೇರೆ ಏನನ್ನೂ ಹೇಳುವ ಪ್ರಮೇಯವೇ ಬರುವುದಿಲ್ಲ. ಸರಿಮಾಡಿ ಕೊಡುವುದೆಂದರೆ ತಪ್ಪು ಒಪ್ಪಿಕೊಂಡ ಹಾಗೇ ಅಲ್ಲವೇ, ಬಾಯಿಬಿಟ್ಟು ಬೇರೆ ಯಾಕೆ ಹೇಳಬೇಕು, ಎಂದು ತನಗೆ ತಾನೇ ಹೇಳಿಕೊಂಡು ಬಾಯಿ ಮುಕ್ಕಳಿಸಿದ. ಹೊರಗಿನಿಂದ ಹೆಂಡತಿ, ಇವತ್ತು ಬೇಗ ಬರ್ತೀನಿ ಅಂದಿದ್ದು ನೆನಪಿದೆ ತಾನೇ ಎಂದು ಕೇಳಿದಳು. ನಾನೆಲ್ಲಿ ಹಾಗಂದೆ ಎಂಬ ಮಾತು ಯೋಚನೆಗೂ ಮುಂಚೆ ಬಾಯಿಂದ ಹೊರಗೆ ಬಿದ್ದಿತ್ತು. ಅವಳು ವಾದಿಸಲಿಲ್ಲ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ಇವತ್ತಿನ ಚೌಕದಲ್ಲಿ ಪೆನ್ಸಿಲಿನಿಂದ ಬರೆದದ್ದನ್ನು ಗಟ್ಟಿಯಾಗಿ ಓದಿದಳು: ಬೇಗ ಬರುತ್ತಾರೆ, ಅವರೇ ಹೇಳಿದ್ದು. ಎರಡು ವರ್ಷದಿಂದ ಅವಳು ಹೀಗೆ ಬರೆದಿಡುತ್ತಿದ್ದಳು. ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ, ಬರೆದಿಡದಿದ್ರೆ ನನ್ನ ತಲೇನೇ ಕೆಟ್ಟಿದೆ ಅನ್ಸೋಕೆ ಶುರುವಾಗುತ್ತೆ ಎಂದು ನಗುತ್ತಲೇ ಹೇಳಿದ್ದಳು. ಅವನೂ ನಕ್ಕಿದ್ದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಎದುರಿನ ಸೀಟಿನವನ ಕಾಲರಿನಿಂದ ಹಿಡಿದು ನಿಂತವರ ತೋಳುಗಳವರೆಗೆ ಎಲ್ಲೆಲ್ಲೂ ಗುಂಡಿಗಳೇ ಕಂಡವು, ಎಲ್ಲವೂ ದುಂಡಗಿದ್ದವು, ಅವನಿಗೆ ಧೈರ್ಯ ಬಂತು. ಅವನು ಒಂದು ಪತ್ರಿಕೆಯ ಕಚೇರಿಯಲ್ಲಿ, ಮೂರನೇ ಮಹಡಿಯಲ್ಲಿ, ಕಂಪ್ಯೂಟರ್ ಪ್ರೋಗ್ರಾಮು ಬರೆಯುವವನು. ಪತ್ರಿಕೆಯ ವೆಬ್‌ಸೈಟಿನಲ್ಲಿ ‘ನೆನಪಿನ ಪುಟ’ ಎಂದೊಂದಿತ್ತು. ಮನೆಯವರು ತೀರಿಹೋದವರ ಫೋಟೋ ಒಂದನ್ನು, ನಾಲ್ಕು ಸಾಲನ್ನು ಮೊಬೈಲಿನಿಂದ ಕಳಿಸಿದರೆ ಅದು ಅಲ್ಲಿ ಬರುತ್ತಿತ್ತು. ಜನ ಯಾವ ಯಾವುದೋ ಅಳತೆಯ ಫೋಟೋ ಕಳಿಸುತ್ತಾರೆ, ಅವನ್ನೆಲ್ಲ ಪುಟಕ್ಕೆ ಹೊಂದುವ ಹಾಗೆ ಚಿಕ್ಕದು ಮಾಡುವ ಕೆಲಸ ಸರ್ವರಿನಲ್ಲಿ ಕೂತ ಅವನ ಪ್ರೋಗ್ರಾಮಿನದು. ಲೆಕ್ಕ ಸಣ್ಣದು. ಅಗಲ ಆರುನೂರು ಚುಕ್ಕೆ, ಅಂದರೆ ಪಿಕ್ಸೆಲ್, ಎಂದು ಗೊತ್ತುಮಾಡಿಕೊಂಡು, ಮೂಲ ಚಿತ್ರದ ಎತ್ತರವನ್ನು ಅದರ ಅಗಲದಿಂದ ಭಾಗಿಸಬೇಕು. ಬಂದದ್ದನ್ನು ಆರುನೂರರಿಂದ ಗುಣಿಸಿದರೆ ಹೊಸ ಎತ್ತರ ಸಿಗುತ್ತದೆ, ಮುಖ ಇದ್ದ ಹಾಗೇ ಇರುತ್ತದೆ. ಐದು ವಾರದ ಹಿಂದೆ ಅದನ್ನು ಹೊಸದಾಗಿ ಬರೆಯುವಾಗ, ಭಾಗಿಸಿ ಬಂದದ್ದನ್ನು ಇಟ್ಟುಕೊಳ್ಳಲು ಅವನು ಮಾಡಿದ ಜಾಗ ಪೂರ್ಣಸಂಖ್ಯೆಯದು. ಅಲ್ಲಿ ಒಂದು ಪಾಯಿಂಟ್ ಮೂರು ಮೂರು ಬಂದರೂ ಒಂದೇ, ಒಂದೂವರೆ ಬಂದರೂ ಒಂದೇ. ಬಿಂದುವಿನ ಆಚೆಗಿದ್ದದ್ದೆಲ್ಲ ಸದ್ದಿಲ್ಲದೆ ಉದುರಿಹೋಗಿ, ಹನ್ನೊಂದು ದಿನ ಬಂದ ಉದ್ದನೆಯ ಫೋಟೋಗಳೆಲ್ಲ ಚಚ್ಚೌಕವಾಗಿ ಕೂತವು. ಸತ್ತವರೆಲ್ಲ ಒಂದೇ ಸಲಕ್ಕೆ ದಪ್ಪಗಾದರು. ಪರೀಕ್ಷೆ ಮಾಡಿರಲಿಲ್ಲ ಎಂದೇನಲ್ಲ. ಅವನು ಮಾಡಿದ್ದು ಕಚೇರಿಯ ಹಿಂದೆ ವಾಹನ ನಿಲ್ಲಿಸುವ ಜಾಗದ ಒಂದು ಅಡ್ಡ ಚಿತ್ರದಿಂದ. ಅಡ್ಡ ಚಿತ್ರಕ್ಕೆ ಸೊನ್ನೆ ಬರುತ್ತದೆ, ಸೊನ್ನೆ ಬಂದರೆ ಹಳೆಯ ಪ್ರೋಗ್ರಾಮಿಗೆ ಒಪ್ಪಿಸು ಎಂದು ಅತಿ ಜಾಣತನದಿಂದ ಅವನೇ ಬರೆದಿಟ್ಟಿದ್ದ. ಕಾರುಗಳೆಲ್ಲ ಸರಿಯಾಗಿ ಕಂಡವು.

ಮೂಲ ಫೋಟೋಗಳಾದರೂ ಇದ್ದಿದ್ದರೆ! ದೊಡ್ಡ ಚಿತ್ರಗಳನ್ನು ಕಟ್ಟಿಕೊಂಡು ಏನು ಮಾಡುವುದು, ಚಿಕ್ಕದಾದ ಕೂಡಲೇ ಅಳಿಸಿಬಿಡೋಣ, ಜಾಗ ಉಳಿಯುತ್ತದೆ ಎಂದು ಸೂಚಿಸಿ ಮುಖ್ಯಸ್ಥರಿಂದ ಶಹಭಾಸ್ ಅನ್ನಿಸಿಕೊಂಡವನೂ ಅವನೇ. ಅವುಗಳ ಉದ್ದಗಲವನ್ನೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಹೆಚ್ಚಿನ ಮೊಬೈಲುಗಳು ಮೂರಕ್ಕೆ ನಾಲ್ಕರ ಫೋಟೋ ತೆಗೆಯುತ್ತವೆ, ನಿಜ. ಆದರೆ ಎರಡಕ್ಕೆ ಮೂರರವೂ ಇವೆ, ಜನ ಬೇರೆ ಅಂಚು ಕತ್ತರಿಸಿ ಕಳಿಸುತ್ತಾರೆ; ಯಾವುದನ್ನು ನಂಬುವುದು? ಚಿಕ್ಕವನಿದ್ದಾಗ ಲೆಕ್ಕದ ಮೇಷ್ಟ್ರು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಭಾಗಾಕಾರ ಮಾಡಿ ಮೇಲೆ ಬಂದದ್ದನ್ನು ಚೆಂದವಾಗಿ ಬರೆದು ಅಡಿಗೆರೆ ಎಳೆಯುತ್ತಿದ್ದ, ಕೆಳಗೆ ಉಳಿದ ಶೇಷವನ್ನು ಮರೆಯುತ್ತಿದ್ದ. ಉಳಿದದ್ದನ್ನ ಯಾರ ಮನೆ ಬಾಗಿಲಿಗೆ ಎಸೆದು ಬಂದೆಯೋ ಎಂದು ಮೇಷ್ಟ್ರು ಕೇಳಿದಾಗ ಇಡೀ ತರಗತಿ ಗೊಳ್ಳೆಂದಿತ್ತು. ಕಿವಿ ಬಿಸಿಯಾದ ಆ ನೆನಪು ಬಸ್ಸಿನಲ್ಲೂ ಕಿವಿಯನ್ನು ಬಿಸಿಮಾಡಿತು. ಇಪ್ಪತ್ತು ವರ್ಷ ಸರ್ವೀಸಿನ ಮೇಲೆ, ಕಲಿಯುವವರು ಮೊದಲ ತಿಂಗಳಲ್ಲಿ ಮಾಡುವ ತಪ್ಪನ್ನು ಮಾಡಿದೆ ಎಂದು ಸೋಮವಾರದ ಸಭೆಯಲ್ಲಿ ಎದ್ದುನಿಂತು ಹೇಳುವುದು ಅವನಿಂದಾಗುವ ಕೆಲಸವಾಗಿರಲಿಲ್ಲ. ತಪ್ಪು ಗೊತ್ತಾದ ಸಂಜೆ ಒಂದು ಪದ ಬದಲಾಯಿಸಿದ, ಪೂರ್ಣಸಂಖ್ಯೆ ಎಂದಿದ್ದಲ್ಲಿ ದಶಮಾಂಶ. ಅಲ್ಲಿಗೆ ಮುಂದಿನ ಸತ್ತವರು ಸುರಕ್ಷಿತವಾದರು. ಐದಾರು ಮಂದಿ ದೂರು ಹೇಳಿದ್ದರು, ಅವರು ಫೋಟೋವನ್ನು ಮತ್ತೆ ಕಳಿಸಿದರು, ಮುಗಿಯಿತು. ಮುಖ್ಯಸ್ಥರು ಏನಾಗಿತ್ತು ಎಂದು ಕೇಳಿದಾಗ, ಹಳೇ ಮೊಬೈಲುಗಳ ಫೋಟೋ ಸರ್, ಬರೋದೇ ಹಾಗೆ ಬಂದಿತ್ತು, ಎಂದು ತಿಪ್ಪೆ ಸಾರಿಸಿದ.

ಈ ಹೆಂಗಸಿನ ಬಳಿ ಮಾತ್ರ ಮತ್ತೆ ಕಳಿಸಲು ಫೋಟೋ ಇರಲಿಲ್ಲ. ಅವಳ ಹಳೆಯ ಮೊಬೈಲು ಬಟ್ಟೆ ನೆನೆಸಿದ ಬಕೆಟ್ಟಿಗೆ ಬಿದ್ದು ಹೋಗಿತ್ತು. ಬಸ್ಸಿನ ಡ್ರೈವರಾಗಿದ್ದ ಗಂಡನಿಗೆ, ಮುಂದಿನ ಹಲ್ಲು ಒಡೆದಿದ್ದರಿಂದ, ಫೋಟೋ ಎಂದರೆ ಆಗುತ್ತಿರಲಿಲ್ಲವಂತೆ, ಇದ್ದದ್ದು ಅದೊಂದೇ. ಮೊದಲ ಸಲ ಫೋನು ಬಂದಾಗ ಅವನಿಗಿನ್ನೂ ತನ್ನ ತಪ್ಪು ಗೊತ್ತಿರಲಿಲ್ಲ. ಇದು ನಮ್ಮೋರ ಮುಖ ಅಲ್ಲಪ್ಪ, ಅವರ ಯಾರೋ ಅಣ್ಣತಮ್ಮನ ಹಾಗಿದೆ, ಎಂದಿದ್ದಳು. ಅಮ್ಮ, ನೀವು ಕಳಿಸಿದ್ದೇ ಹಾಗಿದೆ, ನಾವು ಮುಖಾನೆಲ್ಲ ಬದಲಾಯಿಸೋಕಾಗಲ್ಲ, ಎಂದು ಉತ್ತರ ಕೊಟ್ಟು ಫೋನಿಟ್ಟಿದ್ದ. ಆ ಸಂಜೆ ತಪ್ಪು ಸಿಕ್ಕಿತು. ಮರುದಿನ ಅವಳು ಮತ್ತೆ ಮಾಡಿದಳು, ದನಿ ಇನ್ನೂ ಮೆತ್ತಗಾಗಿತ್ತು. ಸಲ ಸಲ ತೊಂದರೆ ಕೊಡ್ತಿದ್ದೀನಿ, ಒಂದ್ಸಲ ನೋಡಿ ಹೇಳ್ತೀರಾ ಎಂದು ಕೇಳಿದಳು. ಅವನು ಎರಡು ನಿಮಿಷ ಸುಮ್ಮನೆ ಫೋನು ಹಿಡಿದು ಕೂತು, ನೋಡಿದಂತೆ ಮಾಡಿ, ನೋಡಿದೆ ಅಮ್ಮ, ನೀವು ಕಳಿಸಿದ್ದಕ್ಕೂ ಇದಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲ, ನಿಮಗೇ ಮರೆತಿರಬೇಕು, ಎಂದ. ಮೊದಲನೆಯದು ತಪ್ಪು, ಎರಡನೆಯದು ಸುಳ್ಳು ಎಂದು ಅವನು ಆಮೇಲೆ ಎಷ್ಟೋ ಸಲ ವಿಂಗಡಿಸಿ ನೋಡಿಕೊಂಡಿದ್ದ. ಆ ಎರಡು ನಿಮಿಷದ ಮೌನದಲ್ಲಿ ಆ ಕಡೆಯಿಂದ ಹೊಲಿಗೆ ಯಂತ್ರದ ಗಾಲಿ ನಿಧಾನಕ್ಕೆ ತಿರುಗಿ ನಿಂತ ಸದ್ದು ಕೇಳಿಸಿತ್ತು. ಓಹೋ, ಹಾಗಾ, ಎಂದಿದ್ದಳು ಕೊನೆಗೆ. ಮತ್ತೆ ಫೋನು ಮಾಡಲಿಲ್ಲ. ನಿನ್ನೆ ಮಾತ್ರ ಸ್ವಾಗತದ ಹುಡುಗಿ, ಯಾರೋ ಅಮ್ಮ ಮಗಳು ನಾಳೆ ಹನ್ನೊಂದಕ್ಕೆ ನೆನಪಿನ ಪುಟದ ವಿಷಯಕ್ಕೆ ಬರ್ತಾರಂತೆ ಎಂದು ತಿಳಿಸಿದಳು.

ಕಚೇರಿಗೆ ಬಂದವನೇ ಆ ಚಿತ್ರ ತೆರೆದ. ಗುಂಡಿಯನ್ನು ದೊಡ್ಡದು ಮಾಡಿ ಚುಕ್ಕೆಗಳನ್ನು ಎಣಿಸಿದ. ಅಗಲ ನಲವತ್ತಾರು, ಎತ್ತರ ಮೂವತ್ತು. ಒಂದು ಪಾಯಿಂಟ್ ಐದು ಮೂರು. ಎರಡಕ್ಕೆ ಮೂರರ ಕ್ಯಾಮೆರಾಕ್ಕೆ ಹತ್ತಿರವೇ ಬಂತು, ಮಿಕ್ಕದ್ದು ಅಂಚಿನ ಮಬ್ಬಿನ ಲೆಕ್ಕ ಎಂದು ಸಮಾಧಾನ ಮಾಡಿಕೊಂಡ. ಎತ್ತರವನ್ನು ಆರುನೂರರಲ್ಲೇ ಬಿಟ್ಟು ಅಗಲವನ್ನು ಮುನ್ನೂರ ತೊಂಬತ್ತೊಂದಕ್ಕೆ ಇಳಿಸಿದಾಗ ಗುಂಡಿ ಪೂರಾ ದುಂಡಗಾಯಿತು. ಮೇಲಿನ ಮುಖವೂ ಬದಲಾಗಿತ್ತು. ಇಷ್ಟು ದಿನ ಅವನು ನೋಡಿದ್ದು ಉಂಡು ಮಲಗಿ ಎದ್ದಂಥ ಒಬ್ಬ ಗುಂಡುಮುಖದವನನ್ನು. ಈಗ ಕೆನ್ನೆ ಒಳಗೆ ಹೋಗಿ ಕಣ್ಣು ದೊಡ್ಡದಾಗಿ ಇನ್ನೊಬ್ಬ ಯಾರೋ ಅವನನ್ನೇ ನೋಡುತ್ತಿದ್ದ. ಬಾಯಿ ಮುಚ್ಚಿಕೊಂಡು ನಗುವವನ ನಗು. ಇವನೇ ಇರಬೇಕು ಎಂದುಕೊಂಡ. ಗಣಿತ ಸುಳ್ಳು ಹೇಳುವುದಿಲ್ಲವಲ್ಲ. ಆದರೂ ಏನೋ ಒಂದು ಅಳುಕಿನಿಂದ, ಯಾರೂ ನೋಡುತ್ತಿಲ್ಲವೆಂದು ಖಚಿತಮಾಡಿಕೊಂಡು, ತೆರೆಯ ಮೇಲಿನ ಆ ಮನುಷ್ಯನಿಗೆ ಸಣ್ಣಗೆ ಗೋಣು ಬಾಗಿಸಿದ.

ಅವರು ಹನ್ನೊಂದಕ್ಕೆ ಐದು ನಿಮಿಷ ಮುಂಚೆಯೇ ಬಂದರು. ಮಗಳು ನಲವತ್ತರ ಆಸುಪಾಸಿನವಳು, ಅರ್ಧ ದಿನ ರಜೆ ಹಾಕಿ ಬಂದವಳ ದಣಿವು ಮುಖದಲ್ಲಿತ್ತು. ತಾಯಿ ಸಣ್ಣ ಆಳು. ಬಲಗೈ ಹೆಬ್ಬೆರಳಿನ ಬುಡದಲ್ಲಿ ಕತ್ತರಿ ಹಿಡಿದು ಹಿಡಿದು ಗಟ್ಟಿಯಾದ ಗಂಟು. ಕುರ್ಚಿಯಲ್ಲಿ ಕೂರುವ ಮೊದಲು ಅವನ ಅಂಗಿಯ ಭುಜದ ಹೊಲಿಗೆಯನ್ನು ಒಮ್ಮೆ ನೋಡಿ ದೃಷ್ಟಿ ಬೇರೆ ಕಡೆ ತಿರುಗಿಸಿದಳು, ಅವನಿಗೆ ತನ್ನ ಅಂಗಿಯ ಬಗ್ಗೆಯೇ ನಾಚಿಕೆಯಾಯಿತು. ಮಗಳು ಕೇಳಿದ ಮೊದಲ ಪ್ರಶ್ನೆಯೇ, ಫೋನಲ್ಲಿ ಅಮ್ಮನ ಹತ್ತಿರ ಮಾತಾಡಿದ್ದು ನೀವೇನಾ ಎಂಬುದು. ಇಲ್ಲ, ಅವರು ಕೆಲಸ ಬಿಟ್ಟು ಹೋದ್ರು, ಎಂದ. ಬೆಳಿಗ್ಗೆ ಹೆಂಡತಿಗೆ ಕೊಟ್ಟ ಉತ್ತರದ ಹಾಗೇ ಇದೂ ತಾನೇತಾನಾಗಿ ಬಂತು, ಅವನು ಬರೀ ಕೇಳಿಸಿಕೊಂಡ. ಚೀಲದ ಜಿಪ್ಪು ಎಳೆಯುತ್ತಿದ್ದ ತಾಯಿ ತಟ್ಟನೆ ತಲೆಯೆತ್ತಿ ಅವನ ಬಾಯಿಯನ್ನೇ ನೋಡಿದಳು.

ಮಗಳು ಜಗಳಕ್ಕೆ ಬಂದವಳಲ್ಲ. ಅಮ್ಮ ಎಲ್ಲಾದರೂ ಒಂದು ಕಡೆ ಕಣ್ಣಾರೆ ನೋಡಿ ಒಪ್ಪಿಕೊಳ್ಳಲಿ ಎಂದು ಕರೆತಂದಿದ್ದಳು, ಅಷ್ಟೆ. ಪುಟದಲ್ಲಿ ಬಂದ ಫೋಟೋವನ್ನೇ ಅವಳು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ಅಮ್ಮನ ಹೊಲಿಗೆ ಅಂಗಡಿಯಲ್ಲಿ ತೂಗುಹಾಕಿದ್ದಳಂತೆ. ಅಮ್ಮ ಅದನ್ನು ಗೋಡೆಯ ಕಡೆಗೆ ತಿರುಗಿಸಿಟ್ಟಳಂತೆ. ನನಗಂತೂ ಈಗ ಅಪ್ಪ ಹೀಗೇ ಇದ್ರು ಅಂತಾನೇ ಕಾಣುತ್ತೆ ಸರ್, ಎಂದು ಅವಳು ಹೇಳಿದಳು. ತಾಯಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಹೊಲಿಗೆಯ ಮೇಲೆ ಬೆರಳು ಓಡಿಸುತ್ತಿದ್ದಳು. ಈಗ ಹೇಳಿಬಿಡಬೇಕು ಎಂದುಕೊಂಡ. ಗಂಟಲವರೆಗೆ ಬಂತು. ಬಂದದ್ದು ಬೇರೆಯೇ ಮಾತಾಗಿ ಹೊರಬಿತ್ತು: ಅಮ್ಮನಿಗೆ ಸಮಾಧಾನ ಆಗೋ ಹಾಗೆ ಸ್ವಲ್ಪ ಬದಲಾಯಿಸಿ ನೋಡೋಣ, ಅದಕ್ಕೇನಂತೆ. ಮಗಳು ಕಣ್ಣಲ್ಲೇ ಉಪಕಾರ ಸಲ್ಲಿಸಿದಳು. ತೆರೆಯನ್ನು ಅವರ ಕಡೆಗೆ ತಿರುಗಿಸಿ, ದುಂಡು ಗುಂಡಿಯ ಚಿತ್ರವನ್ನು ತೆರೆದ.

ತಾಯಿ ಕನ್ನಡಕ ಹಾಕಿಕೊಂಡು ನೋಡಿದಳು. ಬಹಳ ಹೊತ್ತು ನೋಡಿದಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ, ಪರೀಕ್ಷೆಯ ಫಲಿತಾಂಶದ ಹಲಗೆಯ ಮುಂದೆ ನಿಂತವರ ಹಾಗೆ.

“ಆಸ್ಪತ್ರೆ ಮುಖ ಮಾಡಿಬಿಟ್ರಲ್ಲಪ್ಪ,” ಎಂದಳು. “ಕೊನೇ ನಾಲ್ಕು ತಿಂಗಳು ಹೀಗಿದ್ರು. ಈ ಫೋಟೋ ಅವಾಗಿನದಲ್ಲ.”

ಮಗಳು ಅವನ ಕಡೆ ತಿರುಗಿ, ನೋಡಿದ್ರಾ ಎಂಬಂತೆ ತುಟಿ ಒತ್ತಿದಳು. ಅಗಲ ಇದ್ರೆ ಅಗಲ ಅಂತಾಳೆ, ತೆಳ್ಳಗೆ ಮಾಡಿದ್ರೆ ತೆಳ್ಳಗಾಯ್ತು ಅಂತಾಳೆ, ಏನು ಮಾಡೋದು ಹೇಳಿ, ಎಂದು ತಗ್ಗಿದ ದನಿಯಲ್ಲಿ ಅಂದಳು. ಅವನು ಸೋತದ್ದನ್ನು ಒಪ್ಪದೆ, ಗುಂಡಿಯ ಮೇಲೆ ಬೆರಳಿಟ್ಟು, ಇದನ್ನು ನೋಡಿ ಅಮ್ಮ, ಇದು ದುಂಡಗಾಗೋ ಹಾಗೆ ಲೆಕ್ಕ ಹಾಕಿ ಮಾಡಿದ್ದೀನಿ, ಗುಂಡಿ ಸರಿಯಿದ್ರೆ ಮುಖಾನೂ ಸರಿ, ಎಂದು ವಿವರಿಸಿದ. ಆಕೆ ಬಗ್ಗಿ ಮೂಗು ತಾಗುವಷ್ಟು ಹತ್ತಿರದಿಂದ ನೋಡಿ, ಮೊದಲ ಸಲ ಸಣ್ಣಗೆ ನಕ್ಕಳು.

“ಈ ಗುಂಡಿ ದುಂಡಗಿರಲಿಲ್ಲ. ಬಾದಾಮಿ ಹಾಗಿತ್ತು. ನನ್ನ ಕೋಟಿಂದು. ಅವರು ರಿಟೈರಾಗೋ ದಿನ ಬೆಳಿಗ್ಗೆ ಇಸ್ತ್ರಿ ಮಾಡುವಾಗ ಮೇಲಿನದು ಒಡೆದುಹೋಯ್ತು, ಹೊತ್ತಾಗಿತ್ತು, ಕೈಗೆ ಸಿಕ್ಕಿದ್ದು ಹೊಲಿದೆ. ಕಾಜಾ ಉದ್ದಕ್ಕಿತ್ತಲ್ಲ, ಗುಂಡೀನೂ ಉದ್ದಕ್ಕೆ ಹೊಲಿದಿದ್ರೆ ಜಾರಿಬಿಡ್ತಿತ್ತು. ಅದಕ್ಕೇ ಅಡ್ಡ ಹೊಲಿದೆ.”

ಗುಂಡಿ ತೂರಿಸುವ ಆ ಸೀಳು ಉದ್ದಕ್ಕಿದ್ದರೆ ಉದ್ದ ಗುಂಡಿ ಜಾರುತ್ತದೆ, ಅಡ್ಡ ಗುಂಡಿ ತಡೆದು ನಿಲ್ಲುತ್ತದೆ. ಇಂಥದ್ದನ್ನು ಯಾರೂ ಕಟ್ಟಿ ಹೇಳಲಾರರು ಎಂದು ಅವನಿಗೆ ತಕ್ಷಣ ಗೊತ್ತಾಯಿತು. ಮಗಳಿಗೆ ಗೊತ್ತಾಗಲಿಲ್ಲ. ಅಪ್ಪನ ಅಂಗಿಯಲ್ಲಿ ಅಂಥ ಗುಂಡಿ ತಾನು ನೋಡಿಯೇ ಇಲ್ಲ ಎಂದಳು. ಆ ಅಂಗಿ ಈಗೆಲ್ಲಿ, ಎಲ್ಲ ಬಟ್ಟೆಯನ್ನೂ ಕೊಟ್ಟುಬಿಟ್ಟಾಯಿತಲ್ಲ, ಎಂದಳು. ಅಮ್ಮನ ಭುಜದ ಮೇಲೆ ಕೈಯಿಟ್ಟು, ಆಯ್ತಮ್ಮ, ಬಿಡು, ಎಂದು ಚಿಕ್ಕವರನ್ನು ರಮಿಸುವ ಹಾಗೆ ರಮಿಸಿದಳು. ಅವನು ಮಧ್ಯೆ ಬಾಯಿ ಹಾಕಿ, ಹಾಗಾದ್ರೆ ನೀವೇ ಹೇಳಿ ಅಮ್ಮ, ಎಷ್ಟು ಅಗಲ ಬೇಕೋ ನಾನು ಅಷ್ಟು ಮಾಡ್ತೀನಿ, ಎಂದ. ಆಕೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಆ ಸಣ್ಣ ಆಳು ಒಮ್ಮೆಲೇ ಕತ್ತರಿ ಮೇಜಿನ ಮುಂದೆ ನಿಂತವಳ ಹಾಗೆ ನೆಟ್ಟಗಾದಳು. ಎರಡು ಬದೀನೂ ಬಿಡಿ ಎಂದಳು. ಅವನು ಮೌಸನ್ನು ಸರಿಸುತ್ತ ಅಗಲ ಹೆಚ್ಚಿಸುತ್ತ ಹೋದ, ಕೆನ್ನೆ ತುಂಬುತ್ತ ಬಂತು. ಇನ್ನೂ ಬಿಡಿ. ಇನ್ನೂ. ಈಗ ಜಾಸ್ತಿ ಆಯ್ತು, ಒಂದೆಳೆ ಹಿಡೀರಿ. ಹಿಡೀರಿ ಅಂದ್ರೆ ಅಷ್ಟೊಂದಲ್ಲ, ನೂಲಿನಷ್ಟು. ನಲವತ್ತು ವರ್ಷ ಈ ಕೊರಳಿನ ಅಳತೆ ತೆಗೆದಿದ್ದೀನಿ, ಹದಿನೈದೂವರೆ, ಒಂದು ದಿನಾನೂ ಪುಸ್ತಕ ನೋಡಿಲ್ಲ. ಹೂಂ. ಇಷ್ಟಿರಲಿ ಎಂದಳು. ತೆರೆಯ ಮೇಲೆ ಒಬ್ಬ ಬಸ್ಸಿನ ಡ್ರೈವರು, ಕೆಲಸದ ಕೊನೆಯ ದಿನ, ಹೆಂಡತಿಯ ಕೋಟಿನ ಗುಂಡಿ ಹಾಕಿಕೊಂಡು, ಒಡೆದ ಹಲ್ಲು ಕಾಣದ ಹಾಗೆ ಬಾಯಿ ಮುಚ್ಚಿ ನಗುತ್ತಿದ್ದ. ಆಕೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು, ಮತ್ತೆ ಹಾಕಿಕೊಳ್ಳಲಿಲ್ಲ.

ಮುದ್ರಿಸಿದ ಪ್ರತಿಯನ್ನು ಆಕೆಯ ಕೈಗೆ ಕೊಟ್ಟು, ಅವನು ಮಗಳ ಜೊತೆ ಓಣಿಯಂತಿದ್ದ ಹಾದಿಗೆ ಬಂದ. ನೀರಿನ ಯಂತ್ರದ ಪಕ್ಕ ನಿಂತು ಅವಳು ನಿಜವಾಗಿಯೂ ಕೈ ಮುಗಿದಳು. ಇಷ್ಟು ತಾಳ್ಮೆ ಯಾರಿಗಿರುತ್ತೆ ಸರ್, ಅವಳು ಹೇಳಿದ ಹಾಗೆಲ್ಲ ಕೇಳಿದ್ರಿ ನೀವು, ಎಂದಳು. ಇಲ್ಲಿಂದ ನೇರ ಡಾಕ್ಟರ ಹತ್ತಿರ ಹೋಗುತ್ತಾರಂತೆ, ಹನ್ನೆರಡೂವರೆಗೆ ಸಮಯ ಕೊಟ್ಟಿದ್ದಾರಂತೆ. ಮರೆವಿನ ಡಾಕ್ಟರು. ಅಮ್ಮ ಏನೇನು ತಪ್ಪು ಹೇಳುತ್ತಾಳೆ ಎಂಬುದನ್ನೆಲ್ಲ ಬರೆದು ತನ್ನಿ ಎಂದಿದ್ದರಂತೆ. ಮಗಳು ಮೊಬೈಲು ತೆರೆದು ಪಟ್ಟಿ ತೋರಿಸಿದಳು. 'ಒಲೆ ಆರಿಸಲು ಮರೆತದ್ದು' ಒಂದು ಕಡೆ ಇತ್ತು, 'ಅಳತೆ ಟೇಪು ಫ್ರಿಜ್ಜಿನಲ್ಲಿ' ಎಂದಿತ್ತು. ಎಲ್ಲಕ್ಕಿಂತ ಮೇಲೆ, ಮೊದಲನೆಯ ಸಾಲು: 'ಅಪ್ಪನ ಮುಖ ಗುರುತು ಸಿಗುವುದಿಲ್ಲ'. ಮಿಕ್ಕದ್ದೆಲ್ಲ ಯಾರ ಮನೇಲೂ ಆಗುತ್ತೆ ಸರ್, ಇದೊಂದು ನೋಡಿದ ಮೇಲೇ ನನಗೆ ಭಯ ಆಗಿದ್ದು, ಎಂದಳು. ಡಾಕ್ಟರು ಹೌದು ಅಂದರೆ ಅಂಗಡಿ ಮುಚ್ಚಿಸಿ ತನ್ನ ಮನೆಗೆ ಕರೆದುಕೊಂಡು ಹೋಗುವುದು ಎಂದು ನಿರ್ಧಾರವಾಗಿತ್ತು. ಕೈಯಲ್ಲಿ ಕತ್ತರಿ ಇರುವ ಕೆಲಸ, ಬಿಸಿ ಇಸ್ತ್ರಿಪೆಟ್ಟಿಗೆ, ಯಾರು ಕಾಯುತ್ತಾರೆ? ಹೇಳುತ್ತ ಹೇಳುತ್ತಲೇ ಪಟ್ಟಿಯ ಕೊನೆಗೆ ಇನ್ನೊಂದು ಪದ ಸೇರಿಸಿದಳು. 'ಗುಂಡಿ.' ಅವಳ ಕಣ್ಣು ಒದ್ದೆಯಾಗಿತ್ತು. ಅವನು ನೀರಿನ ಯಂತ್ರದಿಂದ ಒಂದು ಲೋಟ ನೀರು ಹಿಡಿದು ಅವಳಿಗೆ ಕೊಟ್ಟ. ಮೊದಲನೆಯ ಸಾಲು ನನ್ನದು, ಅಳಿಸಿ, ಎಂಬ ಎರಡು ಮಾತು ನಾಲಿಗೆಯ ತುದಿಯಲ್ಲಿತ್ತು. ಆಗ ಮುಖ್ಯಸ್ಥರು ಆ ದಾರಿಯಲ್ಲೇ ಬಂದು, ಏನು ಸಮಾಚಾರ, ಓದುಗರಾ, ಎಂದು ನಗುತ್ತ ಹಾದುಹೋದರು. ಅವನೂ ನಕ್ಕ. ಆ ನಗು ಮುಗಿಯುವ ಹೊತ್ತಿಗೆ ಮಾತು ಒಳಗೆ ಹೋಗಿತ್ತು.

ಲಿಫ್ಟಿನ ತನಕ ಬಿಡಲು ಹೋದ. ಬಾಗಿಲು ತೆರೆದುಕೊಂಡಿತು. ಮಗಳು ಒಳಗೆ ಹೋಗಿ ಗುಂಡಿ ಒತ್ತಿ ಹಿಡಿದು ನಿಂತಳು. ತಾಯಿ ಹೊಸ್ತಿಲಿನಲ್ಲೇ ನಿಂತು ಅವನ ಕಡೆ ತಿರುಗಿದಳು, ಏನೋ ಬಹಳ ಹೊತ್ತಿನಿಂದ ಹೊಂದಿಸುತ್ತಿದ್ದವಳ ಹಾಗೆ.

“ಫೋನಲ್ಲಿ ಮಾತಾಡಿದ್ದು ನೀವೇ ಅಲ್ವೇನಪ್ಪ? ಅದೇ ದನಿ.”

ಆ ಪ್ರಶ್ನೆಯಲ್ಲಿ ಆಪಾದನೆಯೇ ಇರಲಿಲ್ಲ. ಇನ್ನೊಂದು ಅಳತೆ ತೆಗೆದು, ಸರಿಯಿದೆಯಾ ಎಂದು ಕೇಳಿದ ಹಾಗಿತ್ತು. ಹೌದು ಎಂದಿದ್ದರೆ ಸಾಕಿತ್ತು, ಪಟ್ಟಿಯ ಮೊದಲನೆಯ ಸಾಲು, ಕೊನೆಯ ಸಾಲು, ಎಲ್ಲ ಅಲ್ಲೇ ಬಿದ್ದುಹೋಗುತ್ತಿತ್ತು. ಅಮ್ಮ, ಅವರು ಕೆಲಸ ಬಿಟ್ಟು ಹೋದ್ರು ಅಂತ ಈಗ ತಾನೇ ಹೇಳಿದ್ರಲ್ಲ, ಎಂದು ಒಳಗಿನಿಂದ ಮಗಳು ಮೆಲ್ಲಗೆ ನೆನಪಿಸಿದಳು. ಇಬ್ಬರೂ ಅವನ ಮುಖ ನೋಡುತ್ತಿದ್ದರು. ಓಣಿಯ ತುದಿಯಲ್ಲಿ ಮುಖ್ಯಸ್ಥರು ಇನ್ನೂ ಯಾರ ಜೊತೆಗೋ ಮಾತಾಡುತ್ತ ನಿಂತಿದ್ದರು.

“ಅಲ್ಲಮ್ಮ,” ಎಂದ ಅವನು. “ಅದು ಬೇರೆಯವರು.”

ಆಕೆ ತಲೆಯಾಡಿಸಿದಳು. “ಹಾಗಾದ್ರೆ ನನಗೇ ಹಾಗನ್ನಿಸಿರಬೇಕು,” ಎಂದು ಒಳಗೆ ಹೋದಳು. ಬಾಗಿಲು ಮುಚ್ಚಿಕೊಳ್ಳುವಾಗ ಮುದ್ರಿತ ಫೋಟೋವನ್ನು ಎದೆಗೆ ಒತ್ತಿ ಹಿಡಿದ ಅವಳ ಕೈ ಮಾತ್ರ ಕಂಡಿತು.

ತನ್ನ ಜಾಗಕ್ಕೆ ಬಂದು ಕೂತ. ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ತೆರೆಯ ಮೇಲೆ ಡ್ರೈವರು ನಗುತ್ತಲೇ ಇದ್ದ. ಮುಚ್ಚೋಣವೆಂದು ಕೈ ಹಾಕಿದವನಿಗೆ ಮೂಲೆಯಲ್ಲಿ ಚಿತ್ರದ ಅಳತೆ ಕಂಡಿತು. ಎತ್ತರ ಆರುನೂರು. ಅಗಲ, ಆ ಹೆಂಗಸು ಇಷ್ಟಿರಲಿ ಎಂದು ನಿಲ್ಲಿಸಿದ್ದು, ನಾನೂರ ಐವತ್ತೊಂದು. ಸುಮ್ಮನೆ ಒಂದರಿಂದ ಇನ್ನೊಂದನ್ನು ಭಾಗಿಸಿದ. ಒಂದು ಪಾಯಿಂಟ್ ಮೂರು ಮೂರು. ಇನ್ನೊಮ್ಮೆ ಭಾಗಿಸಿದ. ಮೂರಕ್ಕೆ ನಾಲ್ಕು. ಮೊಬೈಲಿನ ಕ್ಯಾಮೆರಾ ಕೊಟ್ಟ ಅಳತೆ ನಾನೂರ ಐವತ್ತು, ಆಕೆ ಕಣ್ಣಂದಾಜಿನಲ್ಲಿ ಹೇಳಿದ್ದು ನಾನೂರ ಐವತ್ತೊಂದು. ಒಂದು ಚುಕ್ಕೆ, ಸೂಜಿಯ ಮೊನೆಯಷ್ಟೂ ಇಲ್ಲ. ಅವನ ಪ್ರೋಗ್ರಾಮು ಉದುರಿಸಿಬಿಟ್ಟಿದ್ದ ಬಿಂದುವಿನ ಆಚೆಗಿನದೆಲ್ಲ ಅವಳ ತಲೆಯೊಳಗೆ ಇದ್ದ ಹಾಗೇ ಇತ್ತು. ಗುಂಡಿಯನ್ನೂ ಲೆಕ್ಕ ಹಾಕಿದ. ಈ ಅಗಲದಲ್ಲಿ ಅದು ಅಡ್ಡಕ್ಕೆ ತುಸು ಉದ್ದ, ಬಾದಾಮಿಯ ಹಾಗೆ. ಈ ಒಂದು ಸಂಖ್ಯೆಯನ್ನು ಓದಬಲ್ಲವನು ಜಗತ್ತಿನಲ್ಲಿ ತಾನೊಬ್ಬನೇ ಎಂಬುದು ಹೊಳೆದು ಭಯವಾಯಿತು. ಗಡಿಯಾರ ನೋಡಿದ, ಹನ್ನೆರಡೂ ಇಪ್ಪತ್ತು. ಈಗಲೇ ಮಾಡಬೇಕು ಎಂದು ಫೋನು ಎತ್ತಿಕೊಂಡ, ಕೆಳಗಿಟ್ಟ. ಏನೆಂದು ಶುರುಮಾಡುವುದು? ಕಾಗದದ ಮೇಲೆ ಎರಡು ವಾಕ್ಯ ಬರೆದು ಹೊಡೆದುಹಾಕಿದ. ಮುಖ್ಯಸ್ಥರ ಕೋಣೆಯ ಬಾಗಿಲಿನ ತನಕ ಹೋಗಿ, ಅವರು ಊಟಕ್ಕೆ ಹೋದದ್ದನ್ನು ಕಂಡು, ಬಚಾವಾದೆ ಎಂದು ನಿಟ್ಟುಸಿರು ಬಿಟ್ಟು, ಹಾಗೆ ನಿಟ್ಟುಸಿರು ಬಿಟ್ಟದ್ದಕ್ಕೆ ತನ್ನನ್ನೇ ಛೀ ಎಂದುಕೊಂಡು ಹಿಂದಕ್ಕೆ ಬಂದ. ಕೊನೆಗೆ ನಂಬರು ಒತ್ತುವಾಗ ಒಂದೂಕಾಲು ಆಗಿತ್ತು.

ಮಗಳು ಎತ್ತಿಕೊಂಡಳು. ಹಿಂದೆ ಬಸ್ಸುಗಳ ಸದ್ದು. ಈಗಷ್ಟೇ ಹೊರಗೆ ಬಂದೆವು ಎಂದಳು. ತಾರೀಖು, ವಾರ, ಮೂರು ಪದ ಹೇಳಿ ನೆನಪಿಟ್ಟುಕೊಳ್ಳುವುದು, ಎಲ್ಲ ಅಮ್ಮ ಸರಿಯಾಗಿಯೇ ಹೇಳಿದಳಂತೆ. ಫೋಟೋದ ವಿಷಯ ಬಂದಾಗ ಮಾತ್ರ ತಾನೇ ಬಾಯಿಬಿಟ್ಟು, ಹೌದು ಡಾಕ್ಟ್ರೇ, ನನಗೇ ತಪ್ಪು ತಿಳಿದಿತ್ತು, ದನೀನೂ ತಪ್ಪು ತಿಳೀತು, ಈಗೀಗ ಹೀಗಾಗುತ್ತೆ, ಎಂದು ಒಪ್ಪಿಕೊಂಡಳಂತೆ. ಡಾಕ್ಟರು ಅದನ್ನು ಬರೆದುಕೊಂಡು, ಇನ್ನು ಅಂಗಡಿಗೆ ಒಬ್ಬರನ್ನೇ ಕಳಿಸಬೇಡಿ ಎಂದರಂತೆ. ಅವನು ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದ. ತನ್ನ ಪ್ರೋಗ್ರಾಮು, ಉದುರಿಹೋದ ದಶಮಾಂಶ, ಹನ್ನೊಂದು ದಿನ, ನಾನೂರ ಐವತ್ತೊಂದು, ಫೋನಿನಲ್ಲಿ ಮಾತಾಡಿದವನು ತಾನೇ ಎಂಬುದು. ಹೇಳುತ್ತ ಹೇಳುತ್ತ ಅದು ಅವನ ಕಿವಿಗೇ ಕಟ್ಟುಕಥೆಯ ಹಾಗೆ ಕೇಳಿಸತೊಡಗಿತು. ಮಗಳು ಪೂರಾ ಕೇಳಿಸಿಕೊಂಡಳು. ಆಮೇಲೆ, ಸರ್ ನೀವು ತುಂಬ ಒಳ್ಳೆಯವರು, ಅಮ್ಮನಿಗೋಸ್ಕರ ತಪ್ಪನ್ನ ನಿಮ್ಮ ತಲೆ ಮೇಲೆ ಹಾಕ್ಕೊಳ್ತಿದ್ದೀರ, ಆದರೆ ದಯವಿಟ್ಟು ಇನ್ನು ಅವಳಿಗೆ ಹೀಗೆಲ್ಲ ಆಸೆ ತೋರಿಸಬೇಡಿ, ಎಂದಳು. ದನಿಯಲ್ಲಿ ನಿಜವಾದ ಕೃತಜ್ಞತೆಯಿತ್ತು. ಒಂದ್ಸಲ ಅಮ್ಮನಿಗೆ ಕೊಡಿ ಎಂದು ಅವನು ಬೇಡಿಕೊಂಡ.

“ಅಮ್ಮ, ನಾನು. ಆವತ್ತು ಫೋನಲ್ಲಿ ಮಾತಾಡಿದ್ದು ನಾನೇ. ನೀವು ಹೇಳಿದ್ದೆಲ್ಲ ಸರಿ. ಮುಖ, ಗುಂಡಿ, ದನಿ, ಎಲ್ಲ ಸರಿ.”

ಆ ಕಡೆ ಬಹಳ ಹೊತ್ತು ಮಾತಿರಲಿಲ್ಲ. ಈ ಸಲ ಸುಮ್ಮನೆ ಕಾಯುವ ಸರದಿ ಅವನದಾಗಿತ್ತು.

“ಇಲ್ಲಪ್ಪ,” ಎಂದಳು ಆಕೆ, ನೋಯಿಸಬಾರದೆಂಬ ಎಚ್ಚರದಿಂದ. “ಅವರು ಕೆಲಸ ಬಿಟ್ಟು ಹೋದ್ರಲ್ಲ. ನೀವು ಬೇಜಾರು ಮಾಡ್ಕೋಬೇಡಿ. ನನಗೆ ಈಚೆಗೆ ಏನೂ ಸರಿಯಾಗಿ ನೆನಪಿರಲ್ಲ.”

ಅವನು ಅಮ್ಮ ಎಂದ, ಮತ್ತೊಮ್ಮೆ ಅಮ್ಮ ಎಂದ. ಆಕೆ ಫೋನು ಕಿವಿಯಿಂದ ಇಳಿಸಿದ್ದಳು, ಆದರೆ ಆರಿಸಿರಲಿಲ್ಲ. ಬಸ್ಸಿನ ಸದ್ದು ಹಾದುಹೋಯಿತು. ಮಗಳು ಮೆಲ್ಲಗೆ ಕೇಳುತ್ತಿದ್ದಳು, ಅಂಗಡಿ ಕೀಲಿ ಎಲ್ಲಿಟ್ಟಿದ್ದೀಯಮ್ಮ, ನೆನಪು ಮಾಡ್ಕೋ. ಹುಡುಕುವ ಸದ್ದೇನೂ ಬರಲಿಲ್ಲ. ಚೀಲದ ಜಿಪ್ಪು ಒಂದೇ ಸಲ ಎಳೆದದ್ದು ಕೇಳಿಸಿತು.

“ಇಲ್ಲೇ ಇದೆ,” ಎಂದಳು ಆಕೆ. “ತಗೋ.”